ನಾನು ಓದಿ ಹೇಳದ ಸಾಲು

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಆಸ್ಪತ್ರೆಯ ಬಾಗಿಲಿಗೆ ಹಸಿರು ಪರದೆ ಇತ್ತೆಂದು ನೆನಪು. ಆದರೆ ಹಸಿರು ಪರದೆಯನ್ನು ಬೇರೆಲ್ಲೋ ನೋಡಿ ಇಲ್ಲಿ ತಂದು ನೇತುಹಾಕಿದ್ದೇನೋ ಏನೋ. ಅಂದು ಬುಧವಾರ ಎಂದು ಮನಸ್ಸು ಹೇಳುತ್ತದೆ. ಡೈರಿಯಲ್ಲಿ ಅದು ಮಂಗಳವಾರದ ಪುಟದಲ್ಲಿದೆ. ಇವೆಲ್ಲ ಸಣ್ಣ ಸಂಗತಿಗಳು. ನಿದ್ದೆ ಕೆಡಿಸುವುದು ಒಂದೇ: ನನ್ನ ಅಕ್ಕ ಆ ಪ್ರಶ್ನೆ ಕೇಳಿದ್ದು ಸಹಿ ಮಾಡುವುದಕ್ಕಿಂತ ಮೊದಲೋ, ಆಮೇಲೋ? ಆಮೇಲೆ ಎಂದು ನೆನಪು ಹೇಳುತ್ತದೆ. ಹಾಗೆ ನೆನಪಿರುವುದು ನನಗೆ ಅನುಕೂಲ. ಆದ್ದರಿಂದಲೇ ಅದನ್ನು ನಂಬಲು ಹಿಂಜರಿಯುತ್ತೇನೆ.

ನಾನು ಹಾವೇರಿಯಲ್ಲಿ, ಕೋರ್ಟಿನ ಎದುರಿನ ಸಣ್ಣ ಕೋಣೆಯಲ್ಲಿ ಕುಳಿತು ವಕೀಲರಿಗೆ ಕಾಗದಪತ್ರ ಅನುವಾದ ಮಾಡಿಕೊಡುತ್ತೇನೆ. ಖರೀದಿ ಪತ್ರ, ಆಸ್ತಿ ಪಾಲಾದಾಗಿನ ವಾಟ್ನಿ ಪತ್ರ, ಅಫಿಡವಿಟ್ಟು. ಇಂಗ್ಲಿಷಿನ ಅಫಿಡವಿಟ್ಟಿನ ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಮೇಲಿನ ವಿಷಯವನ್ನು ನನಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಲಾಗಿದೆ, ಸರಿ ಇದೆ ಎಂದು ಒಪ್ಪಿ ಸಹಿ ಮಾಡಿದ್ದೇನೆ. ಓದಿ ಹೇಳುವವಳು ನಾನೇ. ಹಳ್ಳಿಯಿಂದ ಬಂದವರು ಎರಡನೇ ಪುಟಕ್ಕೇ ಬೇಸತ್ತು, "ಸಾಕ ಬಿಡ್ರಿ ಅಕ್ಕಾರ, ಎಲ್ಲಿ ಒತ್ತಬೇಕು ಹೇಳ್ರಿ" ಎಂದು ಹೆಬ್ಬೆಟ್ಟು ಮುಂದೆ ಮಾಡುತ್ತಾರೆ. ನಾನು ಬಿಡುವುದಿಲ್ಲ. ಕೊನೆಯ ಸಾಲಿನವರೆಗೂ ಕೂಡಿಸಿ ಕೇಳಿಸುತ್ತೇನೆ. ಒಂದು ಶಬ್ದ ಹೊಡೆದು ಹಾಕಿದರೂ ಪಕ್ಕದಲ್ಲಿ ಸಂಬಂಧಪಟ್ಟವರೆಲ್ಲರ ಸಣ್ಣ ಸಹಿ ಬೇಕು. ಇದರ ಬಗ್ಗೆ ನನಗೆ ಸ್ವಲ್ಪ ಜಂಭವೂ ಇತ್ತು.

ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನನ್ನನ್ನು ಧಾರವಾಡಕ್ಕೆ ಓದಲು ಕಳಿಸಲೇಬೇಕೆಂದು ಮನೆಯಲ್ಲಿ ಹಟ ಹಿಡಿದವಳೂ ಅವಳೇ. ಮದುವೆಯಾಗಿ ಬ್ಯಾಡಗಿಯಲ್ಲಿದ್ದಾಳೆ. ಗಂಡ, ನಾನು ಮಾವ ಎಂದು ಕರೆಯುವವರು, ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲಿ. ಅಕ್ಕ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಗೋಣಿತಟ್ಟಿನ ಮೇಲೆ ಸಾಲಾಗಿ ಕುಳಿತ ಹೆಂಗಸರು, ಎದುರಿಗೆ ರಾಶಿ, ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ತೊಟ್ಟು. ಘಾಟಿಗೆ ಒಬ್ಬಳು ಸೀನಿದರೆ ಸಾಲಿನ ತುದಿಯವರೆಗೂ ಸೀನು ಹರಿಯುತ್ತದೆ.

ಎರಡು ವರ್ಷದಿಂದ ಅವಳಿಗೆ ಮುಟ್ಟು ಹತ್ತು ಹನ್ನೆರಡು ದಿನ ನಿಲ್ಲುತ್ತಿರಲಿಲ್ಲ. ಆ ದಿನಗಳಲ್ಲಿ ಕೆಂಪು ಸೀರೆ ಉಟ್ಟು ಹೋಗುತ್ತಿದ್ದಳು. ಕಾಯಿಯ ರಾಶಿಯ ನಡುವೆ ಕೆಂಪು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಅವಳೇ ನನಗೆ ನಗುತ್ತ ಹೇಳಿದ್ದಳು. ಆದರೆ ಪಕ್ಕದಲ್ಲಿ ಕುಳಿತ ಹೆಂಗಸರಿಗೆ ಎಲ್ಲವೂ ತಿಳಿಯುತ್ತದೆ. ಒಮ್ಮೆ ನಾನು ಊಟದ ಹೊತ್ತಿಗೆ ಅಲ್ಲಿದ್ದಾಗ ಸಾಲಿನ ಹಿರಿಯಳೊಬ್ಬಳು ಅಕ್ಕನಿಗೆ ಅಂದಳು:

"ಎರಡ ಹಡದಿ, ಮಕ್ಕಳಾಗದಂಗ ಆಪರೇಷನ್ನೂ ಆತು. ಇನ್ನ ಆ ಗರ್ಭಚೀಲ ಇಟಗೊಂಡು ಏನ, ಅದರಾಗ ಮೆಣಸಿನಕಾಯಿ ತುಂಬತೀಯೇನು? ತಗಿಸಿ ಒಗಿ. ನನ್ನ ನೋಡು, ಆರಾಮ ಅದೇನಿ."

"ನೀ ಆರಾಮ ಇದ್ರ ದಿನಾ ಸಂಜಿಗೆ ನಡಾ ತಿಕ್ಕು ಅಂತ ಸೊಸಿ ಕೂಡ ಯಾಕ ಜಗಳಾಡ್ತಿ?" ಎಂದಳು ಅಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ.

ದೀಪಾವಳಿ ಮುಗಿದ ಮೇಲೆ ಮಾವ ಫೋನು ಮಾಡಿದರು. ರಾಣೆಬೆನ್ನೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನು ಮಾಡಿಸಿದ್ದರಂತೆ.

"ಗಡ್ಡಿ ಆಗೇತಂತ. ಬಿಟ್ರ ಕ್ಯಾನ್ಸರ್ ಆಗ್ತೇತಂತ. ನಾಳೆ ಸೇರಸ್ತೇವಿ, ನಾಡದ ಮುಂಜಾನೆ ತಗೀತಾರ. ಯಾರ್ಡು ತುಂಬೂದ್ರಾಗ ಆಕಿ ಎದ್ದ ಕುಂದ್ರಬೇಕು. ನೀ ಬಾ, ಇಂಗ್ಲಿಷ್ ಕಾಗದ ಅದಾವು."

ಯಾರ್ಡು ತುಂಬುವುದು ಎಂದರೆ ಸಂಕ್ರಾಂತಿಯ ಹೊತ್ತಿಗೆ ಮಾರುಕಟ್ಟೆಗೆ ಹೊಸ ಕಾಯಿ ಬರುವುದು. ಬ್ಯಾಡಗಿಯಲ್ಲಿ ಮದುವೆ, ಮನೆಯ ರಿಪೇರಿ, ಹಲ್ಲು ಕೀಳಿಸುವುದು ಎಲ್ಲವೂ ಅದಕ್ಕೆ ಮೊದಲೇ ಆಗಬೇಕು. ಗರ್ಭಕೋಶವೂ ಅದೇ ಪಟ್ಟಿಯಲ್ಲಿ ಸೇರಿದ್ದು ಆಗ ನನಗೆ ವಿಚಿತ್ರ ಅನ್ನಿಸಲಿಲ್ಲ.

ಮರುದಿನ ಮಧ್ಯಾಹ್ನ ಹೋದೆ. ಅಕ್ಕ ಬೆಂಚಿನ ಮೇಲೆ ಕುಳಿತಿದ್ದಳು. ಬೆರಳ ತುದಿಗಳು ಎಂದಿನಂತೆ ಕೆಂಪಗಿದ್ದವು. ಉರಿ ತಡೆಯಲು ಹಚ್ಚಿಕೊಂಡ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ಡಾಕ್ಟರು ಎರಡು ನಿಮಿಷ ಸಿಕ್ಕರು. ಕೆಟ್ಟ ಮನುಷ್ಯರಂತೆ ಕಾಣಲಿಲ್ಲ, ದಣಿದವರಂತೆ ಕಂಡರು. ಗಡ್ಡೆ ಎಷ್ಟು ದೊಡ್ಡದಿದೆ ಎಂದು ಕೇಳಿದೆ.

"ಇವತ್ತ ಸಣ್ಣದು ಇದ್ದದ್ದು ನಾಳೆ ದೊಡ್ಡದಾಗ್ತದ್ರಿ. ಮಕ್ಕಳಾಗ್ಯಾವಲ್ಲ, ಇನ್ನೇನು?" ಎಂದು ಹೇಳಿ ಮುಂದಿನ ಕೋಣೆಗೆ ಹೋದರು.

ಆಮೇಲೆ ಸಿಸ್ಟರ್ ಒಬ್ಬಳು ಫೈಲು ಹಿಡಿದು ಬಂದಳು. "ಇವರ ತಂಗಿ ಏನ್ರಿ? ಓದೀರೇನು? ಹಂಗಾರ ನೀವ ಓದಿ ಹೇಳ್ರಿ. ಲಗೂ ಮಾಡ್ರಿ, ನಾಳಿನ ಲಿಸ್ಟು ಕಳಸಬೇಕು."

ಎರಡು ಪುಟದ ಇಂಗ್ಲಿಷ್ ಒಪ್ಪಿಗೆ ಪತ್ರ. ಸಣ್ಣ ಅಕ್ಷರ. ನಾನು ಮೇಲಿನಿಂದ ಕೆಳಗೆ ಕಣ್ಣು ಹಾಯಿಸಿದೆ. ಹಾವೇರಿಯಲ್ಲಿ ಒಂದು ಖರೀದಿ ಪತ್ರದ ಕೆಲಸ ಅರ್ಧ ಬಿಟ್ಟು ಬಂದಿದ್ದೆ. ಮೂರೂವರೆಯ ಬಸ್ಸು ತಪ್ಪಬಾರದಿತ್ತು. ಅಕ್ಕನಿಗೆ ಹೇಳಿದ್ದು ಇಷ್ಟು:

"ಆಪರೇಷನ್ನಿಗೆ ಒಪ್ಪಿಗಿ ಅಂತ ಐತಿ. ಬೇಕಾದ್ರ ರಕ್ತ ಏರಸ್ತಾರ. ಏನರ ಹೆಚ್ಚುಕಡಿಮಿ ಆದ್ರ ಅವರ ಜವಾಬ್ದಾರಿ ಅಲ್ಲಂತ. ಎಲ್ಲಾ ಕಡೆನೂ ಹಿಂಗ ಬರದಿರ್ತಾರ."

"ಗುಳಿಗಿಗೆ ಹೋಗೂದಿಲ್ಲೇನ ಇದು?" ಎಂದಳು ಅಕ್ಕ.

"ಡಾಕ್ಟರ್ ಹೇಳ್ಯಾರಲ್ಲ ಅಕ್ಕ," ಎಂದೆ.

ಈ ಎರಡು ಮಾತುಗಳನ್ನು ನೆನಪು ಸಹಿಯ ನಂತರ ಇಡುತ್ತದೆ: ಅಕ್ಕ ಪೆನ್ನು ವಾಪಸು ಕೊಡುತ್ತ ಸುಮ್ಮನೆ ಕೇಳಿದಂತೆ. ಡೈರಿಯಲ್ಲಿ ಆ ದಿನದ ಬರಹ ಮೂರೇ ವಾಕ್ಯ. "ಅಕ್ಕ ಗುಳಿಗೆ ಬಗ್ಗೆ ಕೇಳಿದಳು. ಸಹಿ ಆಯಿತು. ಮೂರೂವರೆ ಬಸ್ಸು ಸಿಕ್ಕಿತು." ಆದದ್ದನ್ನು ಆದ ಕ್ರಮದಲ್ಲಿ ಬರೆಯುವುದು ನನ್ನ ರೂಢಿ. ಆದರೂ ಅಂದು ಮಾತ್ರ ಕ್ರಮ ತಪ್ಪಿರಬಹುದೆಂದು ಇಂದಿಗೂ ವಾದ ಮಾಡಿಕೊಳ್ಳುತ್ತೇನೆ.

ಅಕ್ಕ ದುಂಡಗಿನ ಕನ್ನಡ ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಕೆಳಗೆ ಸಾಕ್ಷಿಯ ಜಾಗದಲ್ಲಿ ನಾನು ಸಹಿ ಮಾಡಿದೆ. ಕೈಯಿಂದ ಹೋಗುವ ಯಾವ ಕಾಗದಕ್ಕೂ ನಕಲು ಇಟ್ಟುಕೊಳ್ಳುವ ಅಭ್ಯಾಸ ನನಗೆ. ಎರಡೂ ಪುಟಗಳ ಫೋಟೋ ತೆಗೆದುಕೊಂಡೆ.

ಸಂಜೆ ಹಾವೇರಿಯಲ್ಲಿ ಚಹಾ ಕುಡಿಯುತ್ತ ಆ ಫೋಟೋ ತೆರೆದೆ. ಬೇರೆಯವರ ಕಾಗದ ಓದುವ ಹಾಗೆ, ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ಆರನೆಯ ಸಾಲು: ಶಸ್ತ್ರಚಿಕಿತ್ಸೆಯ ವೇಳೆ ಅಗತ್ಯ ಕಂಡುಬಂದರೆ ಒಂದು ಅಥವಾ ಎರಡೂ ಅಂಡಾಶಯಗಳನ್ನು ತೆಗೆಯಲು ನನ್ನ ಒಪ್ಪಿಗೆ ಇದೆ. ಒಂಬತ್ತನೆಯ ಸಾಲು: ಇತರ ಚಿಕಿತ್ಸಾ ಕ್ರಮಗಳನ್ನೂ, ಚಿಕಿತ್ಸೆ ಪಡೆಯದೆ ಕಾದು ನೋಡುವ ಸಾಧ್ಯತೆಯನ್ನೂ ನನಗೆ ವಿವರಿಸಲಾಗಿದೆ. ಕೊನೆಯ ಸಾಲು ನನ್ನ ಹಳೆಯ ಪರಿಚಯದ್ದು: ಮೇಲಿನ ಎಲ್ಲವನ್ನೂ ನನಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಲಾಗಿದೆ. ಅದರ ಕೆಳಗೆ ನನ್ನ ಸಹಿ.

ಚಹಾ ಆರಿತು. ಮಾವನಿಗೆ ಫೋನು ಮಾಡಿದೆ.

"ಆಕಿಗೆ ಊಟ ಬಂದ್ ಮಾಡ್ಯಾರ. ಮಲಗ್ಯಾಳ. ಏನೈತಿ?"

"ಕಾಗದದಾಗ ಒಂದೆರಡ ಮಾತು ಆಕಿಗೆ ಹೇಳೂದ ಬಿಟ್ಟೇನ್ರಿ ಮಾವ."

"ಈಗ ಏನೂ ಹೇಳಿ ಹೆದರಸಬ್ಯಾಡ. ನೀ ಕೋರ್ಟಿನಾಕಿ, ತಾರೀಖು ಮುಂದ ಹಾಕೂದು ನಿಮ್ಮ ರೂಢಿ. ಇಲ್ಲೆ ನಾಳೆ ಅಂದ್ರ ನಾಳೆನ."

"ಏಳಕ್ಕೆ ಒಳಗ ಕರಕೊಳ್ತಾರಲ್ಲ? ಅಷ್ಟರಾಗ ಬರ್ತೀನಿ."

"ಬಾ. ಬರಬ್ಯಾಡ ಅಂದೆನೇನು? ಬರೂಮುಂದ ಮಾತಿನ ಗಂಟು ತರಬ್ಯಾಡ ಅಷ್ಟ."

ಮುಂಜಾನೆಯ ಮೊದಲ ಬಸ್ಸು ಹಿಡಿದೆ. ಮೋಟೆಬೆನ್ನೂರಿನಲ್ಲಿ ಕಂಡಕ್ಟರ್ ಇಳಿದು ಯಾರದೋ ಜೊತೆ ಮಾತಿಗೆ ನಿಂತ. ನಾನು ಕಿಟಕಿಯಿಂದ "ಲಗೂ ಬರ್ರಿ" ಎಂದು ಕೂಗಿದೆ. ಹಿಂದಿನ ಸೀಟಿನ ಅಜ್ಜ, "ಯಾರಿಗರ ಸೀರಿಯಸ್ ಏನವಾ?" ಎಂದು ಕೇಳಿದರು. ಹೌದೆಂದರೆ ಅದು ಸುಳ್ಳು, ಅಲ್ಲವೆಂದರೂ ಸುಳ್ಳು.

ನಾನು ಮುಟ್ಟಿದಾಗ ಏಳಕ್ಕೆ ಹತ್ತು ನಿಮಿಷವಿತ್ತೆಂದು ನೆನಪು. ಅಕ್ಕನಿಗೆ ಆಸ್ಪತ್ರೆಯ ನಿಲುವಂಗಿ ತೊಡಿಸಿ ಎರಡು ಜಡೆ ಹಾಕಿದ್ದರು. ಗಾಜಿನ ಬಳೆ ಬಿಚ್ಚಲು ಅವಳು ಒಪ್ಪಿರಲಿಲ್ಲವಂತೆ; ಬಳೆಗಳ ಮೇಲೆ ಬಿಳಿ ಪಟ್ಟಿ ಸುತ್ತಿದ್ದರು. ಮೂಗುಬಟ್ಟಿನ ಮೇಲೂ ಒಂದು ತುಂಡು ಪಟ್ಟಿ. ಮಾವ ಬಾಗಿಲಲ್ಲಿ ನಿಂತಿದ್ದರು. ಅಕ್ಕನ ಪಕ್ಕಕ್ಕೆ ಹೋಗಿ ಹೇಳಿದೆ:

"ಅಕ್ಕ, ನಾ ನಿನ್ನೆ ಒಂದ ಸಾಲು ಬಿಟ್ಟಿದ್ದೆ. ಗರ್ಭಚೀಲದ ಆಜುಬಾಜು ಎರಡು ಅಂಡಾಶಯ ಇರ್ತಾವ. ಅಗತ್ಯ ಕಂಡ್ರ ಅವನ್ನೂ ತಗೀಬಹುದು ಅಂತ ಬರದಾರ. ಅದಕ್ಕೂ ನೀ ಸಹಿ ಮಾಡೀದಿ."

"ನಾ ಮಾಡಿನೋ, ನೀ ಮಾಡಿಸಿದಿಯೋ?"

ಸಿಟ್ಟಿನಿಂದ ಹೇಳಲಿಲ್ಲ. ತೊಟ್ಟು ಬಿಡಿಸುವಾಗ ಕೊಳೆತ ಕಾಯಿಯನ್ನು ಪಕ್ಕಕ್ಕೆ ಇಡುವಷ್ಟು ಸಹಜವಾಗಿ ಹೇಳಿದಳು.

"ಅವನ್ನ ತಗದ್ರ ಏನಾಕ್ಕೈತಿ?"

"ಮುಪ್ಪಿನಾಗ ಆಗೂದೆಲ್ಲ ಈಗ ಶುರು ಆಗಬಹುದು. ಮೈಗೆ ಬಿಸಿ ಏರೂದು, ಎಲುಬು ಸವೆಯೂದು."

"ಮೂವತ್ತೆಂಟಕ್ಕ?" ಅಕ್ಕ ಎದ್ದು ಕುಳಿತಳು. "ಹಂಗಾರ ಅದನ್ನ ಹೊಡದ ಹಾಕು."

ಫೈಲು ಕೇಳಿದೆ. ಸಿಸ್ಟರ್ ಕೊಡಲು ಒಪ್ಪಲಿಲ್ಲ. "ಎಲ್ಲಾರದೂ ಇದ ಫಾರ್ಮ್ ರಿ. ಯಾರೂ ಹೊಡಿಯಂಗಿಲ್ಲ. ಡಾಕ್ಟರ್ ಬೈತಾರ." ಅಷ್ಟರಲ್ಲಿ ಡಾಕ್ಟರೇ ಬಂದರು. ನಾನು ಆರನೆಯ ಸಾಲು ತೋರಿಸಿದೆ. ಅವರ ಮುಖ ಬಿಗಿಯಿತು.

"ಒಳಗ ಏನರ ಕೆಟ್ಟದ್ದು ಕಂಡ್ರ? ಅವಾಗ ಹೊಟ್ಟಿ ಕೊಯ್ದ ಇಟ್ಟು ನಿಮ್ಮ ಪಂಚಾಯ್ತಿ ಕೂಡಸ್ಲೇನು?"

ಉತ್ತರ ಕೊಟ್ಟವಳು ಅಕ್ಕ. "ಕಂಡ್ರ ಹೊರಗ ಬಂದು ಇವರಿಬ್ಬರಿಗೆ ಹೇಳ್ರಿ ಸಾಹೇಬ್ರ. ನನಗ ಎಚ್ಚರಾದ ಮ್ಯಾಲ ನನಗ ಕೇಳ್ರಿ. ಕಾಣದಿದ್ರ ಮುಟ್ಟಬ್ಯಾಡ್ರಿ."

ಡಾಕ್ಟರು ಅವಳನ್ನು ಒಂದು ಕ್ಷಣ ನೋಡಿದರು. ನಂತರ ಪೆನ್ನು ತೆಗೆದು ತಾವೇ ಆ ಸಾಲಿಗೆ ಗೆರೆ ಎಳೆದರು. ಪಕ್ಕದಲ್ಲಿ ಅವರ ಸಣ್ಣ ಸಹಿ, ಅಕ್ಕನದು, ನನ್ನದು. ಒಳ್ಳೆಯ ಕೆಲಸ ಮಾಡಿದ ಹೆಮ್ಮೆ ನನ್ನೊಳಗೆ ಏರತೊಡಗಿತು. ನಾಚಿಕೆಯಾದರೂ ಇದನ್ನು ಬರೆಯಬೇಕು.

ಗಾಲಿ ಮಂಚ ಬಂತು. ಅದರ ಮೇಲೆ ಮಲಗಿ, ನನ್ನ ಮಣಿಕಟ್ಟು ಹಿಡಿದು ಅಕ್ಕ ಕೇಳಿದಳು:

"ಮತ್ತೇನರ ಬಿಟ್ಟಿಯೇನ?"

ಒಂಬತ್ತನೆಯ ಸಾಲು ನನ್ನ ಬಾಯಲ್ಲೇ ಇತ್ತು. ಅದನ್ನು ಹೇಳಲೆಂದೇ ನಾನು ಬಸ್ಸು ಹತ್ತಿದ್ದು. ಹೇಳಿದ್ದರೆ ಅವಳು ಮಂಚದಿಂದ ಇಳಿಯುತ್ತಿದ್ದಳೋ ಏನೋ. ಇಳಿದು, ಗುಳಿಗೆ ನುಂಗಿ, ವರ್ಷದ ನಂತರ ಆ ಗಡ್ಡೆ ನಿಜಕ್ಕೂ ಕೆಟ್ಟದ್ದೆಂದು ಗೊತ್ತಾದರೆ? ಕ್ಯಾನ್ಸರ್ ಎಂಬ ಆ ಒಂದು ಶಬ್ದ ಎದೆಯಲ್ಲಿ ಕಲ್ಲಿನಂತೆ ಕುಳಿತಿತ್ತು. ಬಾಗಿಲಲ್ಲಿ ಮಾವ ನನ್ನನ್ನೇ ನೋಡುತ್ತಿದ್ದರು. ಸಿಸ್ಟರ್ ಮಂಚದ ಹಿಡಿಕೆಗೆ ಕೈ ಹಾಕಿದ್ದಳು. ಅಕ್ಕನ ಬೆರಳಿನ ಉರಿ ನನ್ನ ಚರ್ಮಕ್ಕೆ ಹತ್ತುತ್ತಿತ್ತು.

"ಇಲ್ಲ," ಎಂದೆ.

ಅವಳು ಕೈ ಬಿಟ್ಟಳು. ಮಂಚ ಒಳಗೆ ಹೋಯಿತು. ಹಸಿರೋ ಬೇರೆ ಬಣ್ಣವೋ, ಪರದೆ ಮುಚ್ಚಿಕೊಂಡಿತು.

ನಾವು ಹೊರಗೆ ಕುಳಿತೆವು. ಪ್ರತಿ ಸಲ ಬಾಗಿಲು ತೆರೆದಾಗಲೂ ಡಾಕ್ಟರು ಅಂಡಾಶಯದ ಮಾತು ಹೇಳಲು ಬಂದರೆಂದು ಎದ್ದು ನಿಲ್ಲುತ್ತಿದ್ದೆ. ಅವರು ಬರಲಿಲ್ಲ. ಕೊನೆಗೆ ಸಿಸ್ಟರ್ ಒಂದು ಸ್ಟೀಲಿನ ತಟ್ಟೆ ಹಿಡಿದು ಬಂದಳು. ತೆಗೆದದ್ದನ್ನು ಮನೆಯವರಿಗೆ ತೋರಿಸುವುದು ಪದ್ಧತಿಯಂತೆ. ಮಾವ ಬಗ್ಗಿ ನೋಡಿ, "ಇಷ್ಟ ಏನು?" ಎಂದರು. ಎಷ್ಟೋ ಕ್ವಿಂಟಲ್ ಹೊತ್ತ ಹೆಗಲಿನ ಮನುಷ್ಯ ಗೋಡೆಗೆ ಒರಗಿ ನಿಂತರು. ನಾನೂ ನೋಡಿದೆ. ಗಡ್ಡೆ ಎಲ್ಲಿದೆ ಎಂದು ಕೇಳಿದಾಗ ಸಿಸ್ಟರ್ ಬೆರಳು ಮಾಡಿ ತೋರಿಸಿದಳು. ನಿಂಬೆಕಾಯಿಗಿಂತ ಸಣ್ಣದಿತ್ತೆಂದು ನೆನಪಿದೆ. ಆದರೆ ಅಪರಾಧ ಮಾಡಿದ ಕಣ್ಣು ಗಡ್ಡೆಯನ್ನು ಸಣ್ಣದು ಮಾಡಿಯೇ ನೋಡೀತು. ಈ ಅಳತೆಯನ್ನೂ ಯಾರೂ ನಂಬಬೇಕಾಗಿಲ್ಲ.

ಪರೀಕ್ಷೆಯ ವರದಿ ಬಂದಾಗ ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮಾವ ಪೇಢೆ ಹಂಚಿದರು. ನಾನೂ ತಿಂದೆ. ಆಮೇಲೆ ಒಂದು ದಿನ ಅವರನ್ನು ಕೇಳಿದೆ: ಕ್ಯಾನ್ಸರ್ ಎಂಬ ಮಾತು ಮೊದಲು ಹೇಳಿದವರು ಯಾರು? ಡಾಕ್ಟರು ನನ್ನೆದುರು ಹೇಳಿರಲಿಲ್ಲ.

"ನನ್ನ ಎದುರೂ ಹೇಳಿಲ್ಲ," ಎಂದರು ಮಾವ. "ಸ್ಕ್ಯಾನಿನ ಹೊರಗ ಕುಂತಾಗ ಯಾರೋ ಅಂದ್ರು. ನಿಮ್ಮ ಅಕ್ಕನ ಅಂದಳೋ ಏನೋ."

ಅಕ್ಕನನ್ನು ಕೇಳಿದರೆ, "ನಾ ಅಲ್ಲವಾ, ನಿಮ್ಮ ಮಾವ ಅಂದ್ರು," ಎಂದಳು. ಹಾಗೆ ಯಾರೂ ಹೇಳದ ಮಾತೊಂದು ನಮ್ಮ ಮೂವರನ್ನೂ ಆ ಬಾಗಿಲವರೆಗೆ ನಡೆಸಿಕೊಂಡು ಹೋಗಿತ್ತು.

ಮಾರ್ಚಿನಲ್ಲಿ ಅಕ್ಕ ಮತ್ತೆ ಸಾಲಿನಲ್ಲಿ ಕುಳಿತಳು. ರಕ್ತ ಹೋಗುವುದು ನಿಂತಿದೆ, ಮೈ ಹಗುರವಾಗಿದೆ ಎನ್ನುತ್ತಾಳೆ. ಹಳದಿ ಸೀರೆ ಉಡುತ್ತಾಳೆ. ಇದು ಸುಳ್ಳಲ್ಲ. ನಾನು ಕಂಡ ಇನ್ನೊಂದೂ ಸುಳ್ಳಲ್ಲ: ಸೀನು ಬರುವ ಮುನ್ನ ಅವಳ ಮುಖ ಬದಲಾಗುತ್ತದೆ. ಕಾಯಿ ಕೆಳಗಿಟ್ಟು, ಪಕ್ಕದಲ್ಲಿಟ್ಟುಕೊಂಡ ಮಡಚಿದ ಗೋಣಿಯನ್ನು ಆಪರೇಷನ್ನಿನ ಹೊಲಿಗೆ ಎಳೆಯದಂತೆ ಎರಡೂ ಕೈಯಿಂದ ಹೊಟ್ಟೆಗೆ ಒತ್ತಿ ಹಿಡಿದು ಆಮೇಲೆ ಸೀನುತ್ತಾಳೆ. ಸಾಲಿನಲ್ಲಿ ಇನ್ನೂ ಒಂದಿಬ್ಬರ ಪಕ್ಕದಲ್ಲಿ ಅಂಥ ಮಡಚಿದ ಗೋಣಿಗಳಿದ್ದವು. ಇಷ್ಟು ವರ್ಷ ಅಲ್ಲಿ ಹೋಗಿ ಬಂದರೂ ನಾನು ಅವನ್ನು ನೋಡಿರಲಿಲ್ಲ. ಅಥವಾ ನೋಡಿ, ಕೂರಲು ಇಟ್ಟುಕೊಂಡಿದ್ದಾರೆ ಅಂದುಕೊಂಡಿದ್ದೆ.

ಅಂದು ನಾನಿದ್ದಾಗಲೇ ಸಾಲಿನ ಎಳೆಯ ಹೆಂಗಸೊಬ್ಬಳು ಅಕ್ಕನನ್ನು ಕೇಳಿದಳು. "ನನಗೂ ತಗಸು ಅಂದಾರ ಅಕ್ಕಾ. ಏನ ಮಾಡ್ಲಿ?"

"ಏನರ ಮಾಡು," ಎಂದಳು ಅಕ್ಕ. "ಮೊದಲ ಕಾಗದ ಪೂರಾ ಓದಿಸ್ಕೋ. ಅವಸರದಾಗ ಇದ್ದವರ ಕಡೆ ಓದಿಸಬ್ಯಾಡ."

ನನ್ನ ಕಡೆ ನೋಡದೆ ಹೇಳಿದಳು. ನನ್ನ ಬ್ಯಾಗಿನಲ್ಲಿ ಆ ಒಪ್ಪಿಗೆ ಪತ್ರದ ಕನ್ನಡ ಅನುವಾದವಿತ್ತು. ವಕೀಲರಿಗೆ ಮಾಡಿಕೊಡುವಂತೆ, ಒಂದು ಅಲ್ಪವಿರಾಮವನ್ನೂ ಬಿಡದೆ ಮಾಡಿದ್ದು. ಮೂರು ತಿಂಗಳು ಅದನ್ನು ಹೊತ್ತುಕೊಂಡು ತಿರುಗಿದ್ದೆ. ತೆಗೆದು ಅಕ್ಕನಿಗೆ ಕೊಟ್ಟೆ.

ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. ಚಿಕ್ಕಂದಿನಲ್ಲಿ ನನಗೆ ಪಾಠ ಓದಿಸುತ್ತಿದ್ದಾಗಲೂ ಹೀಗೇ ಬೆರಳಿಡುತ್ತಿದ್ದಳು. ಒಂಬತ್ತನೆಯ ಸಾಲಿನಲ್ಲಿ ಬೆರಳು ನಿಂತಿತು. ಅಲ್ಲಿ ಒಂದು ಕೆಂಪು ಕಲೆ ಬಿತ್ತು.

"ಇದು ಅವತ್ತ ಇತ್ತೇನು?"

"ಇತ್ತು."

"ನಾ ಕೇಳಿದಾಗ ಇಲ್ಲ ಅಂದಿ."

"ಅಂದೆ."

ಅವಳು ಓದುವುದನ್ನು ಮುಗಿಸಿದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಮಡಚಿದ ಗೋಣಿಯ ಒಳಗೆ ತುರುಕಿ, ರಾಶಿಯಿಂದ ಒಂದು ಕಾಯಿ ಎತ್ತಿಕೊಂಡಳು. ನಾನು ಅವಳ ಎದುರಿಗೆ, ಘಾಟಿನಲ್ಲಿ ಕಣ್ಣು ಉರಿಯುತ್ತ ಕುಳಿತು ಒಂದು ಪ್ರಶ್ನೆ ಕೇಳಿದೆ. ಕೇಳಿ ಎರಡು ತಿಂಗಳಾಯಿತು. ಆಮೇಲೆ ನಾಲ್ಕು ಸಲ ಬ್ಯಾಡಗಿಗೆ ಹೋಗಿ ಬಂದೆ, ಅವಳು ಊಟಕ್ಕೆ ಬಡಿಸಿದಳು, ಮಕ್ಕಳ ವಿಷಯ ಮಾತಾಡಿದಳು, ಇದಕ್ಕೆ ಮಾತ್ರ ಉತ್ತರ ಕೊಟ್ಟಿಲ್ಲ.

"ಅಕ್ಕ, ಗುಳಿಗಿಗೆ ಹೋಗೂದಿಲ್ಲೇನ ಅಂತ ನೀ ಕೇಳಿದಿಯಲ್ಲ, ಅವಾಗ ನಾ ಬ್ಯಾರೆ ದಾರಿನೂ ಅದಾವು ಅಂದಿದ್ರ, ನಿನ್ನ ಕೈಯಾಗಿನ ಪೆನ್ನು ಕೆಳಗ ಇಡ್ತಿದ್ದಿಯೇನು?"